ಮುಚ್ಚಿದ ಕೈಯೇ ಬಿಚ್ಚಬೇಕು

ಈ ಕಥೆಯನ್ನು ಮೊದಲು ಹೇಳಿದವರು ಹೊನ್ನೆಹಡ್ಲು ಕಾಫಿ ಎಸ್ಟೇಟಿನ ಭೂತಯ್ಯ. ಹೇಳಿದ್ದು 2024ರ ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಊಟ ಮುಗಿದ ಮಧ್ಯಾಹ್ನ, ಲೈನ್ ಮನೆಗಳ ಎದುರಿನ ಹಲಸಿನ ಮರದ ಬುಡದಲ್ಲಿ. ನಡೆದದ್ದು ಅದಕ್ಕೆ ಎರಡು ಕೊಯ್ಲು ಹಿಂದೆ. ಅನಂತರ ಇದೇ ಕಥೆ ಬಣಕಲ್ಲಿನ ಹೋಟೆಲಿನಲ್ಲಿ, ಆಲ್ದೂರಿನ ಸಂತೆಯಲ್ಲಿ, ಕಳಸಕ್ಕೆ ಹೋಗುವ ಬಸ್ಸಿನಲ್ಲಿ ಬೇರೆ ಬೇರೆ ಬಾಯಿಗಳಿಂದ ಕೇಳಿಬಂದಿದೆ. ಕಳಸದ ಕಡೆಯವರು ಕಥೆಯಲ್ಲಿ ಬರುವ ಮಳೆಯನ್ನು ದೈವವೇ ಕಳಿಸಿತು ಎನ್ನುತ್ತಾರೆ. ಆಲ್ದೂರಿನವರು ಕಥೆಯ ನಾಯಕಿ ಗಿಡ್ಡಮ್ಮನನ್ನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಮಾಡಿದ್ದಾರೆ. ಭೂತಯ್ಯನ ಪಾಠದಲ್ಲಿ ಮಳೆ ಬರೀ ಅಕಾಲದ ಮಳೆ. ಗಿಡ್ಡಮ್ಮ ಕಾಫಿ ಗಿಡದಷ್ಟೇ ಎತ್ತರದ ಹೆಂಗಸು. ಇಲ್ಲಿ ಆ ಪಾಠವನ್ನೇ ಅನುಸರಿಸಿದೆ. ತೋಟದ ಹೆಸರು ಮಾತ್ರ ಹೇಳಿದವರ ಕೋರಿಕೆಯಂತೆ ಬದಲಾಗಿದೆ.

ಗಿಡ್ಡಮ್ಮ ಭೂತಯ್ಯನ ಒಡಹುಟ್ಟಿದ ತಂಗಿ. ಹುಟ್ಟಿದ್ದು ಹೊನ್ನೆಹಡ್ಲಿನ ಲೈನಿನ ಈ ತುದಿಯಲ್ಲಿ, ಮದುವೆಯಾಗಿ ಹೋದದ್ದು ಅದೇ ಲೈನಿನ ಆ ತುದಿಗೆ. “ತವರಿಗೆ ಬರೋದಕ್ಕೆ ಇವ್ಳಿಗೆ ಕೊಡೆನೂ ಬೇಡ, ಸೂರಿನ ಕೆಳಗೇ ನಡ್ಕೊಂಡು ಬರ್ತಾಳೆ” ಎಂದು ಅಣ್ಣ ತಮಾಷೆ ಮಾಡುವುದಿತ್ತು. ಒಂದೇ ಉದ್ದನೆಯ ಹೆಂಚಿನ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಕೂಲಿಮನೆಗಳಿಗೆ ಲೈನ್ ಎಂದು ಹೆಸರು. ಗೋಡೆ, ಹೆಂಚು ಎಸ್ಟೇಟಿನವು. ಅದರೊಳಗಿನ ಒಲೆ, ಹೊಗೆ, ಹೆರಿಗೆ, ಸಾವುಗಳೆಲ್ಲ ಅಲ್ಲಿರುವವರವು. ನೆರಳುಮರದ ಕೊಂಬೆ ಸವರುವಾಗ ಬಿದ್ದು ಗಂಡ ತೀರಿಕೊಂಡ ಮೇಲೂ ಗಿಡ್ಡಮ್ಮ ಆ ಮನೆ ಬಿಡಲಿಲ್ಲ. ಅವನ ಹೆಣ ಇಳಿಸಿದ್ದ ಜಗಲಿಯ ಮೇಲೆಯೇ ಕೂತು ಮಗಳು ಭವ್ಯಾಳಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದಳು.

ಅವಳ ಕೆಲಸ ಕಣದ್ದು. ಹಣ್ಣು ಗಿಡದಿಂದ ಹೇಗೋ ಇಳಿದುಬಿಡುತ್ತದೆ. ಅದು ಕಾಫಿಯಾಗುವುದು ಕಣದಲ್ಲಿ. ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟನ್ನೂ ಸಿಪ್ಪೆಯೊಂದಿಗೇ ಒಣಗುವ ಚೆರಿಯನ್ನೂ ಹರವಿ, ಬಿಸಿಲು ತಿರುಗಿದಂತೆ ತಿರುಗಿಸುತ್ತ, ಸಂಜೆಗೆ ಏರಿಯೇರಿಯಾಗಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬಿಚ್ಚುವ ಕೆಲಸ. ಕಲಿಸಿದವಳು ತಾಯಿ. ಕೆಲಸದ ಜೊತೆಗೆ ತಾಯಿ ಎರಡು ಮಾತನ್ನೂ ಕೊಟ್ಟಿದ್ದಳು. ಆ ತೋಟದಲ್ಲಿ ಅವು ಹಿಂದಿನಿಂದ ನಡೆದುಬಂದವು. ‘ಕಣದ ಮಳೆಗೆ ಹಗೆ ಇಲ್ಲ’ ಎನ್ನುವುದು ಮೊದಲನೆಯದು. ಹರವಿದ ಕಾಫಿಯ ಮೇಲೆ ಮೋಡ ಬಂದರೆ ಅದು ಯಾರ ಕಣ, ಅವರಿಗೂ ನಮಗೂ ಮಾತುಕತೆ ಇದೆಯೋ ಇಲ್ಲವೋ ಎಂದು ಕೇಳಬಾರದು, ಓಡಿ ಮುಚ್ಚಬೇಕು. ಎರಡನೆಯದು, ‘ಮುಚ್ಚಿದ ಕೈಯೇ ಬಿಚ್ಚಬೇಕು.’ ಮಳೆ ನಿಂತಾಗ ಟಾರ್ಪಾಲಿನ ತಗ್ಗುಗಳಲ್ಲೆಲ್ಲ ನೀರು ನಿಂತಿರುತ್ತದೆ. ಎಲ್ಲಿ ತಗ್ಗು, ಎಲ್ಲಿ ಏರಿ, ಯಾವ ಮಗ್ಗುಲಿಗೆ ಇಳಿಜಾರು ಎಂಬುದು ಮುಚ್ಚಿದವರಿಗೆ ಗೊತ್ತು. ಅವರೆಲ್ಲ ಸುತ್ತ ಹಿಡಿದು ಒಂದೇ ಉಸಿರಿಗೆ ಎತ್ತಿದರೆ ನೀರು ಕಣದಾಚೆ ಹೋಗುತ್ತದೆ. ಬೇರೆಯವರು ಕೈಹಾಕಿದರೆ ಅಷ್ಟೂ ನೀರು ಕಾಫಿಯ ಪಾಲು. ಮುಚ್ಚಿದ್ದನ್ನು ಇನ್ನೊಬ್ಬರು ಬಿಚ್ಚಿದರೆ ಆ ವರ್ಷ ಕಣ ಒಣಗುವುದಿಲ್ಲ ಎಂಬ ನಂಬಿಕೆಯೂ ಈ ಮಾತಿನ ಸುತ್ತ ಬೆಳೆದಿತ್ತು.

ಮೊದಲ ಮಾತು ಎಲ್ಲರ ಮೈಯಲ್ಲಿತ್ತು. ಎರಡನೆಯದನ್ನು ನೆನೆಯುವ ಸಂದರ್ಭವೇ ಬಂದಿರಲಿಲ್ಲ. ಮುಚ್ಚುವವರೂ ಬಿಚ್ಚುವವರೂ ಯಾವಾಗಲೂ ಅವರೇ ಆಗಿದ್ದರು.

ಹಳೆಯ ಸಾಹುಕಾರರು ತೀರಿಕೊಂಡು ಮಗ ನಂದನ್ ತೋಟದ ಉಸ್ತುವಾರಿಗೆ ಬಂದ ವರ್ಷ, ಕೊಯ್ಲಿನ ನಡುವೆ, ಒಂದು ಬೆಳಗ್ಗೆ ಲೈನಿನ ಎದುರು ಸಾಲಾಗಿ ಗೂಟಗಳು ಎದ್ದಿದ್ದವು. ತುದಿಗೆ ಕೆಂಪು ಬಣ್ಣ ಬಳಿದ ಗೂಟಗಳು, ಒಂದೊಂದು ಬಾಗಿಲಿಗೂ ಒಂದೊಂದು. ತೋಟದ ಹಾಜರಿ, ತೂಕ ನೋಡಿಕೊಳ್ಳುವ ರೈಟರ್ ಶಶಿಕಿರಣ್ ನೆಲ ನೋಡುತ್ತ ವಿಷಯ ಹೇಳಿದ. ಲೈನ್ ಇರುವ ದಿಬ್ಬದಿಂದ ಎದುರಿನ ಬೆಟ್ಟಸಾಲು ಪೂರ್ತಿ ಕಾಣುತ್ತದೆ. ಸಣ್ಣ ಸಾಹುಕಾರರು ಅಲ್ಲಿ ಪ್ರವಾಸಿಗರಿಗೆ ಕಾಟೇಜು ಕಟ್ಟಿಸುತ್ತಾರೆ. ಕೊಯ್ಲು ಮುಗಿದ ಕೂಡಲೇ ಜೆಸಿಬಿ ಬರುತ್ತದೆ. ಜನ ಮೂಡಿಗೆರೆಯಲ್ಲೋ ಬಣಕಲ್ಲಿನಲ್ಲೋ ಬಾಡಿಗೆಗೆ ಮನೆ ಹಿಡಿಯಬೇಕು. ಕೆಲಸಕ್ಕೆ ಕರೆತರಲು ಪಿಕಪ್ ಕಳಿಸುತ್ತಾರೆ.

“ಬಾಗ್ಲಲ್ಲಿ ಗೂಟ ಹೊಡೆಯೋದು ದನ ಕಟ್ಟೋದಕ್ಕೆ. ನಮ್ಮನ್ನ ಎಂತಕ್ಕೆ ಕಟ್ತಾರಂತೆ ರೈಟ್ರೆ?” ಎಂದ ಭೂತಯ್ಯ.

“ಕಟ್ಟೋದಲ್ಲ ಮಾವ, ಬಿಚ್ಚಿ ಓಡ್ಸೋದು,” ಎಂದಳು ಭವ್ಯಾ. ಅವಳು ಬಣಕಲ್ಲಿನ ಒಂದು ಹೋಂಸ್ಟೇಯಲ್ಲಿ ಕೋಣೆ ಗುಡಿಸುವ ಕೆಲಸಕ್ಕಿದ್ದಳು. “ನಮ್ ಹೆಂಚಿನ ಮನೆ ಕೆಡವಿ, ಹೆಂಚಿನ ಮನೆ ತರನೇ ಕಾಣೋ ಮನೆ ಕಟ್ತಾರೆ. ಒಳಗೆ ಮಣ್ಣಿನ ಒಲೆನೂ ಇಡ್ತಾರೆ. ಉರಿಸೋದಕ್ಕಲ್ಲ, ಫೋಟೋ ಹೊಡೆಯೋದಕ್ಕೆ. ಆಮೇಲೆ ಅದ್ರ ಧೂಳು ಒರೆಸೋದಕ್ಕೆ ನನ್ನನ್ನೇ ಕರೀತಾರೆ ನೋಡಿ.”

ಗಿಡ್ಡಮ್ಮ ನಗಲಿಲ್ಲ. ಅವಳ ಬಾಗಿಲಿನ ಗೂಟವನ್ನು ಹೊಡೆದಿದ್ದದ್ದು ಹೊಸ್ತಿಲಿಗೂ ತುಳಸಿಗೂ ನಡುವೆ. ದಿನಾ ಬೆಳಗ್ಗೆ ತಂಬಿಗೆ ಹಿಡಿದು ನಡೆಯುವ ದಾರಿ ಅದು. ಕಿತ್ತೆಸೆಯಲು ಬಗ್ಗಿದಳು. ಭೂತಯ್ಯ ರಟ್ಟೆ ಹಿಡಿದು ನಿಲ್ಲಿಸಿದ.

“ನೀನು ಕಿತ್ರೆ ನಾಳೆ ಇನ್ನೊಂದು ಹೊಡೀತಾರೆ ಮಾರಾಯ್ತಿ. ಗೂಟಕ್ಕೇನು ಬರ ಇಲ್ಲ ಅವ್ರಿಗೆ.”

ಆಗ ಬಂದವರು ಮೂಡಿಗೆರೆಯ ಷಡಕ್ಷರಿಯವರು. ಯೂನಿಯನ್ನಿನ ಕೆಂಪು ಬಾವುಟವನ್ನು ಮಡಚಿ ಬಗಲಚೀಲದಲ್ಲಿಟ್ಟುಕೊಂಡು ಬಸ್ಸಿಳಿದು ಏರು ಹತ್ತಿ ಬರುತ್ತಿದ್ದರು. ಏದುಸಿರು ಬಿಡುತ್ತಲೇ ಮಾತು ಶುರುಮಾಡುವ ಮನುಷ್ಯ. ಹಲಸಿನ ಮರದ ಕೆಳಗೆ ಜನರನ್ನು ಕೂರಿಸಿಕೊಂಡು, ಕಣದ ಕಡೆಗೆ ಕೈ ತೋರಿಸಿ ಹೇಳಿದರು:

“ಭೂಮಿ ನಿಮ್ದಲ್ಲ. ಮಷೀನು ನಿಮ್ದಲ್ಲ. ಮನೆನೂ ನಿಮ್ದಲ್ಲ ಅಂತ ಈಗ ಹೇಳ್ತಿದ್ದಾರೆ. ಮಾರೋದಕ್ಕೆ ನಿಮ್ಹತ್ರ ಇರೋದು ಕೈ ಒಂದೇ. ಸರಿ, ಆ ಕೈ ಇಷ್ಟು ವರ್ಷ ಮಾಡಿದ ಕೆಲ್ಸ ಎಲ್ಲಿಗೆ ಹೋಯ್ತು? ಗಾಳಿಗೆ ಹೋಯ್ತಾ? ಅಲ್ಲಿ ಹರವಿದೆ ನೋಡಿ. ಅದು ಬರೀ ಕಾಫಿ ಅಲ್ಲ, ನಿಮ್ಮ ದಿನಗಳು. ಗಟ್ಟಿಯಾಗಿ ಬೀಜ ಆಗಿ ಕೂತಿವೆ. ಅವ್ರು ಅದನ್ನ ಮಾರಿ, ಅದ್ರಲ್ಲೇ ಜೆಸಿಬಿ ತಂದು ನಿಮ್ಮ ಮನೆ ಮೇಲೆ ಹತ್ತಿಸ್ತಾರೆ. ನಿಮ್ಮ ಬೆನ್ನು ಮುರಿಯೋದು ನಿಮ್ಮದೇ ಹಳೇ ದುಡಿಮೆ.”

“ಅಂದ್ರೆ ನಾವ್ ಮೇಯ್ಸಿದ ಎತ್ತು ನಮ್ಮನ್ನೇ ಹಾಯೋದು,” ಎಂದ ಭೂತಯ್ಯ.

“ಸರಿಯಾಗಿ ಹೇಳಿದ್ರಿ. ಯಾಕೆ ಹಾಯ್ತದೆ? ಮೂಗುದಾರ ಅವ್ರ ಕೈಲಿದೆ.”

ಜನ ನಕ್ಕರು. ಗಿಡ್ಡಮ್ಮ ಆ ಮಾತನ್ನು ಮನೆಗೆ ಕೊಂಡೊಯ್ದಳು. ಅಕ್ಕಿ ಆರಿಸುವಾಗ, ನೀರು ಸೇದುವಾಗ ಅದು ಅವಳ ಜೊತೆಗೇ ಇತ್ತು. ಸತ್ತ ಗಂಡನ ದಿನಗಳೂ ಆ ಕಣದಲ್ಲಿ ಎಲ್ಲೋ ಬೀಜವಾಗಿ ಬಿದ್ದಿರಬೇಕು ಎನ್ನಿಸಿ ಒಮ್ಮೆ ಕೈ ನಿಂತಿತು.

ಮಾರನೆಯ ದಿನದಿಂದ ಲೈನಿನ ಜನ ಕೆಲಸಕ್ಕೆ ಇಳಿಯಲಿಲ್ಲ. ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಶಶಿಕಿರಣ್ ಬೆಳಗಿನ ಹೊತ್ತಿಗೆ ಸರಿಯಾಗಿ ಬಾರಿಸುತ್ತಿದ್ದ. ಕೇಳಿಸಿಕೊಂಡ ಜನ ಜಗಲಿಯ ಮೇಲೆ ಕಾಲು ಚಾಚಿಕೊಳ್ಳುತ್ತಿದ್ದರು. ನಂದನ್ ಸುಮ್ಮನೆ ಕೂರಲಿಲ್ಲ. ಕಂಟ್ರಾಕ್ಟರನ ಮೂಲಕ ದೂರದ ಸೀಮೆಯ ಆಳುಗಳನ್ನು ತರಿಸಿದ. ಅವರು ಕೊಯ್ದರು, ಕಣ ತಿರುವಿದರು, ಗೋದಾಮಿನ ಮೂಲೆಯಲ್ಲಿ ಚೀಲ ಹಾಸಿಕೊಂಡು ಮಲಗಿದರು. ನಲ್ಲಿಯ ಹತ್ತಿರ ಅವರ ಬಿಂದಿಗೆಗಳನ್ನು ಕಂಡು ಭವ್ಯಾ ಕಾಲೆತ್ತಿದಾಗ ಗಿಡ್ಡಮ್ಮ ಗದರಿದಳು.

“ಒದೀಬೇಡ. ಅವ್ರ ಬಾಗ್ಲಲ್ಲೂ ಯಾರೋ ಗೂಟ ಹೊಡೆದಿರ್ಬೇಕು. ಇಲ್ದಿದ್ರೆ ಹೊಟ್ಟೆಪಾಡಿಗೆ ಇಷ್ಟು ದೂರ ಬರ್ತಿದ್ರ?”

ವಾರ ಕಳೆಯುತ್ತಿದ್ದಂತೆ ಲೈನಿನಲ್ಲಿ ಗಂಜಿ ತೆಳ್ಳಗಾಯಿತು. ಮೂಡಿಗೆರೆಯಲ್ಲಿ ಮನೆ ನೋಡಿಕೊಂಡು ಬಂದವರೂ ಇದ್ದರು. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಗಿಡ್ಡಮ್ಮ ಮಾತ್ರ ನೋಡಲು ಹೋಗಲಿಲ್ಲ. ಬೇರೆ ಮನೆಯ ಬಾಗಿಲು ನೋಡಿದರೆ ತನ್ನ ಬಾಗಿಲು ಅರ್ಧ ಬಿಟ್ಟಂತೆ ಎಂಬುದು ಅವಳ ಲೆಕ್ಕ.

ಹಾಗಿರುವಾಗ ಭಾನುವಾರ ಬಂತು.

ಕಂಟ್ರಾಕ್ಟರ್ ತನ್ನ ಆಳುಗಳನ್ನೆಲ್ಲ ಪಿಕಪ್ಪಿನಲ್ಲಿ ತುಂಬಿಕೊಂಡು ದಿನಸಿ ಕೊಡಿಸಲು ಬಣಕಲ್ಲಿಗೆ ಹೋಗಿದ್ದ. ನಂದನ್ ಚಿಕ್ಕಮಗಳೂರಿನಲ್ಲಿದ್ದ. ಕಣದ ತುಂಬ ಕಾಫಿ ಹರವಿ ಬಿಟ್ಟು, ಕಾವಲಿಗೆ ಶಶಿಕಿರಣ್ ಒಬ್ಬನೇ. ಹಲಸಿನ ಮರದ ಕೆಳಗೆ ಷಡಕ್ಷರಿಯವರ ಪಾಠ ನಡೆದಿತ್ತು. ಪುಷ್ಯ ಮಾಸದ ಬಿಸಿಲು. ಮಳೆಯ ಮಾತು ಆಡಿದರೆ ನಗುವ ಕಾಲ. ಆದರೆ ಗಿಡ್ಡಮ್ಮನ ಹಿಂಗತ್ತಿಗೆ ಮೊದಲು ತಂಪು ತಾಗಿತು. ತಿರುಗಿ ನೋಡಿದಳು. ಪಡುವಣ ಬೆಟ್ಟದ ನೆತ್ತಿಯಿಂದ ಮೋಡ ಇಳಿಯುತ್ತಿತ್ತು, ಮಸಿಬಟ್ಟೆ ಹಿಂಡಿದ ಹಾಗೆ.

ಅಷ್ಟರಲ್ಲಿ ಕಂಬಿಯ ಸದ್ದು ಕೇಳಿತು. ಕೆಲಸಕ್ಕೆ ಕರೆಯುವ ನಿಧಾನದ ಪೆಟ್ಟಲ್ಲ. ಉಸಿರು ಬಿಡದೆ ಒಂದೇ ಸಮ ಬಡಿಯುವ ಪೆಟ್ಟು. ಹೊನ್ನೆಹಡ್ಲಿನಲ್ಲಿ ಅದಕ್ಕೆ ಒಂದೇ ಅರ್ಥ. ಕಣಕ್ಕೆ ಮಳೆ ಬಂತು.

ಮರದ ಕೆಳಗಿದ್ದ ಜನ ಎದ್ದು ನಿಂತಿದ್ದರು. ಏಳಬೇಕೆಂದು ಯಾರೂ ಎಣಿಸಿರಲಿಲ್ಲ. ಕಾಲುಗಳು ತಾವೇ ಎದ್ದಿದ್ದವು. ಒಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿಯೂ ಆಗಿತ್ತು.

“ಕೂತ್ಕೊಳ್ಳಿ!” ಷಡಕ್ಷರಿಯವರು ಕೂಗಿದರು. “ಯಾರೂ ಹೋಗ್ಬಾರ್ದು. ಇದೇ ಕಣ್ರಿ ನಾವು ಕಾಯ್ತಿದ್ದದ್ದು. ನೀವಿಲ್ಲದೆ ತೋಟ ನಡೆಯೋಲ್ಲ ಅಂತ ಇವತ್ತು ಗೊತ್ತಾಗ್ಲಿ. ನೆನೀಲಿ ಬಿಡಿ!”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಜನ ಅರ್ಧ ಕೂತರು, ಅರ್ಧ ನಿಂತರು, ಎಲ್ಲರೂ ಗಿಡ್ಡಮ್ಮನ ಮುಖ ನೋಡಿದರು. ಕಣದ ಗುಂಪಿಗೆ ಅವಳೇ ಹಿರಿಯಳು.

ಗಿಡ್ಡಮ್ಮನ ಕಾಲೂ ಎದ್ದಿತ್ತು. ಅವಳು ಅದನ್ನು ಬಲವಂತವಾಗಿ ನಿಲ್ಲಿಸಿಕೊಂಡಳು. ಕಾಲಿನ ಮಾತು ಕೇಳಿ ಓಡುವುದು ಬೇಡ ಎಂದುಕೊಂಡಳು. ಒಂದು ಕಡೆ ತಾಯಿಯ ಮಾತು. ಇನ್ನೊಂದು ಕಡೆ ತನ್ನ ಬಾಗಿಲಿನ ಗೂಟ. ಕಾಫಿ ನೆನೆದರೆ ಏನಾಗುತ್ತದೆ? ಸಾಹುಕಾರನಿಗೆ ಪೆಟ್ಟು ಬೀಳುತ್ತದೆ, ನಿಜ. ಆದರೆ ನೆನೆದು ಬೂಷ್ಟು ಹಿಡಿದ ಕಾಫಿಯನ್ನು ಮುಂದಿಟ್ಟುಕೊಂಡು ಯಾರು ಯಾರ ಹತ್ತಿರ ಏನು ಕೇಳುವುದು? ಹಾಳಾದದ್ದರ ಮೂಗುದಾರ ಯಾರ ಕೈಯಲ್ಲಿದ್ದರೇನು? ಅಲ್ಲಿಗೆ ಬಂದು ಅವಳ ಯೋಚನೆ ನಿಂತಿತು. ತಾಯಿಯ ಎರಡನೆಯ ಮಾತು, ಎಷ್ಟೋ ವರ್ಷದಿಂದ ಪೆಟ್ಟಿಗೆಯ ತಳದಲ್ಲಿದ್ದ ಸೀರೆಯಂತೆ, ಅವಳ ಕೈಗೆ ಬಂತು.

“ನಡೀರಿ,” ಎಂದಳು. “ಮುಚ್ಚಣ.”

“ಗಿಡ್ಡಮ್ಮಾ!” ಷಡಕ್ಷರಿಯವರ ಧ್ವನಿ ಒಡೆಯಿತು. “ನೀವೇ ಮುಷ್ಕರ ಮುರೀತೀರಾ?”

“ಮುರಿಯೋದಲ್ಲ ಷಡಕ್ಷರಿಯವ್ರೆ. ಅದು ನಮ್ ದಿನಗಳು ಅಂತ ನೀವೇ ಹೇಳಿದ್ದು. ನಮ್ ದಿನ ನಾವೇ ನೆನೆಯೋದಕ್ಕೆ ಬಿಡೋದಾ? ಬನ್ನಿ ಮಾರಾಯ್ರೆ, ಒಂದು ಮೂಲೆ ಹಿಡೀರಿ. ಬೈಯೋದನ್ನ ಆಮೇಲೆ ಬೈರಿ.”

ಲೈನಿನ ಜನ ಇಳಿಜಾರಿನಲ್ಲಿ ಓಡಿದರು. ಷಡಕ್ಷರಿಯವರು ಬೈಯುತ್ತಲೇ ಹಿಂದೆ ಓಡಿದರು. ಹರವಿದ್ದನ್ನು ಎಳೆದು ಏರಿ ಮಾಡುವವರು, ಟಾರ್ಪಾಲಿನ ಸುರುಳಿ ಬಿಚ್ಚುವವರು, ಅಂಚಿಗೆ ಕಲ್ಲು ಹೇರುವವರು. ಯಾರಿಗೂ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಂಬಿ ಬಾರಿಸುತ್ತಿದ್ದ ಶಶಿಕಿರಣ್ ಕೈಯಲ್ಲಿ ಸುತ್ತಿಗೆ ಹಿಡಿದೇ ನಿಂತುಬಿಟ್ಟ. ಕೊನೆಯ ಅಂಚಿಗೆ ಕಲ್ಲು ಬೀಳುವುದಕ್ಕೂ ಮೊದಲ ದಪ್ಪ ಹನಿ ಟಾರ್ಪಾಲಿನ ಮೇಲೆ ತಮಟೆಯ ಪೆಟ್ಟಿನಂತೆ ಬೀಳುವುದಕ್ಕೂ ಸರಿಹೋಯಿತು.

ಸುರಿದು ನಿಂತ ಮೇಲೆ ಶಶಿಕಿರಣ್ ಕೈಮುಗಿದ. “ನನ್ ಮಾನ ಉಳಿಸಿದ್ರಿ ಗಿಡ್ಡಮ್ಮ. ಇನ್ನು ಒದ್ದೆ ಬಟ್ಟೇಲಿ ನಿಲ್ಬೇಡಿ, ಮನೆಗೆ ಹೋಗಿ.”

“ಮನೆ ಎಲ್ಲಿದೆ ರೈಟ್ರೆ? ಅಲ್ಲಿ ಗೂಟ ಅಲ್ವ ಇರೋದು,” ಎಂದು ಗಿಡ್ಡಮ್ಮ ಟಾರ್ಪಾಲಿನ ಅಂಚಿನ ಮೇಲೆ, ಕಲ್ಲಿನ ಪಕ್ಕ, ಮತ್ತೊಂದು ಕಲ್ಲಿನಂತೆ ಕೂತಳು. ಅವಳ ಪಕ್ಕ ಭವ್ಯಾ ಕೂತಳು. ಭೂತಯ್ಯ ಕೂತ. ನೋಡುತ್ತಿದ್ದಂತೆ ಕಣದ ನಾಲ್ಕು ಅಂಚಿಗೂ ಜನ ಒತ್ತೊತ್ತಾಗಿ ಕೂತರು.

ಷಡಕ್ಷರಿಯವರು ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು. ಜನ ಕೂತ ರೀತಿಯನ್ನು ಒಂದು ಸುತ್ತು ನೋಡಿದರು. ಅವರ ಮುಖ ಬದಲಾಯಿತು.

“ನೆನೆದಿದ್ರೆ ಇವತ್ತೇ ಸೋಲ್ತಿದ್ದ,” ಎಂದರು, ಇನ್ನೂ ಬಿಟ್ಟುಕೊಡದೆ.

“ನೆನೆದಿದ್ರೆ ಸೋಮಾರಿಗಳು ಬೆಳೆ ಹಾಳು ಮಾಡಿದ್ರು ಅಂತ ಊರೆಲ್ಲ ಹೇಳಿ, ನಾಳೆನೇ ಜೆಸಿಬಿ ತರ್ತಿದ್ರು. ಈಗ ಮೂಗುದಾರ ಯಾರ ಕೈಲಿದೆ ಹೇಳಿ?” ಎಂದಳು ಗಿಡ್ಡಮ್ಮ.

ಷಡಕ್ಷರಿಯವರು ಚೀಲದಿಂದ ಒದ್ದೆಯಾದ ಬಾವುಟ ತೆಗೆದು, ಹಿಂಡಿ, ಒಣಗಲು ಟಾರ್ಪಾಲಿನ ಮೇಲೆ ಹರವಿ, ತಾವೂ ಕೂತರು. ಆಮೇಲೆ ಹೇಳಿದರು: “ಒಂದು ಮಾತು ನೆನಪಿರ್ಲಿ. ಕೇಳೋದು ಒಂದೇ ಕೇಳ್ಬೇಕು. ನಾಲ್ಕು ಕೇಳಿದ್ರೆ ಸಣ್ಣದೊಂದು ಕೊಟ್ಟು ಎಬ್ಬಿಸ್ತಾರೆ.” ಆ ಮಾತನ್ನು ಗಿಡ್ಡಮ್ಮ ಗಂಟು ಹಾಕಿಕೊಂಡಳು.

ನಂದನ್ ಜೀಪಿನಿಂದ ಇಳಿದಾಗ ಸಂತೋಷದಲ್ಲಿದ್ದ. ಫೋನಿನಲ್ಲಿ ಸುದ್ದಿ ತಿಳಿದಿತ್ತು. “ಶಶಿಕಿರಣ್, ಎಲ್ರಿಗೂ ಕಾಫಿ ಮಾಡ್ಸಿ,” ಎಂದ. “ಎಷ್ಟಾದ್ರೂ ನಮ್ ಜನ ನಮ್ ಜನಾನೇ. ನೋಡಿ, ಆದದ್ದು ಆಗಿ ಹೋಯ್ತು. ನಾಳೆಯಿಂದ ಕೆಲ್ಸಕ್ಕೆ ಬನ್ನಿ.”

ಯಾರೂ ಏಳಲಿಲ್ಲ.

“ಕಾಫಿ ಬೇಡ ಸಾವ್ಕಾರ್ರೆ,” ಎಂದ ಭೂತಯ್ಯ. “ಕಾಫಿ ಮೇಲೇ ಕೂತಿದೀವಿ.”

“ಏನಿದು ಆಟ? ಏಳ್ರಿ. ಬಿಸಿಲು ಬಂದ್ರೆ ಬಿಚ್ಬೇಕು ಅದನ್ನ.”

“ಬಿಚ್ತೀವಿ,” ಎಂದಳು ಗಿಡ್ಡಮ್ಮ. “ಮುಚ್ಚಿದ ಕೈಯೇ ಬಿಚ್ಚಬೇಕು. ನಿಮ್ ಅಪ್ಪಂದಿರ ಕಾಲದಿಂದ ಇರೋ ಮಾತು. ಆದ್ರೆ ನಮ್ ಬಾಗ್ಲಲ್ಲಿ ಗೂಟ ಇರೋ ತನಕ ಈ ಕೈ ಏಳೋಲ್ಲ.”

“ಪೊಲೀಸರಿಗೆ ಫೋನ್ ಮಾಡ್ತೀನಿ.”

“ಮಾಡಿ. ಏನಂತ ಹೇಳ್ತೀರ? ನಮ್ ಕಾಫಿ ನೆನೀದಂಗೆ ಕಾಪಾಡಿದಾರೆ, ಬಂದು ಹಿಡ್ಕೊಂಡು ಹೋಗಿ ಅಂತನಾ?”

ನಗು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಬ್ಬಿತು. ಆಲ್ದೂರಿನ ಪಾಠದಲ್ಲಿ ಪೊಲೀಸರು ಬಂದು, ಟಾರ್ಪಾಲಿನ ಮೇಲೆ ಕೂತು, ಬೀಡಿ ಸೇದಿ ಹೋದರೆಂದು ಇದೆ. ಭೂತಯ್ಯನ ಪಾಠದಲ್ಲಿ ಯಾರೂ ಬರಲಿಲ್ಲ. ನಂದನ್ ಫೋನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಜೇಬಿಗಿಟ್ಟ. ಬದಲಿಗೆ, ಬಣಕಲ್ಲಿನಿಂದ ಮರಳಿದ ಹೊರಗಿನ ಆಳುಗಳ ಕಡೆ ತಿರುಗಿದ. “ಎಳೀರಿ ಟಾರ್ಪಾಲು!”

ಅವರಲ್ಲಿ ಒಬ್ಬ ನರೆಗೂದಲಿನವನು ಮುಂದೆ ಬಂದ. ಟಾರ್ಪಾಲಿನ ತಗ್ಗನ್ನು ಅಂಗೈಯಿಂದ ಒತ್ತಿದ. ನಿಂತ ನೀರು ತುಳುಕಾಡಿತು. ಅಂಚಿನಲ್ಲಿ ಕೂತವರನ್ನು, ಅವರಾಚೆ ದಿಬ್ಬದ ಮೇಲೆ ಕಾಣುವ ಕೆಂಪು ಗೂಟಗಳನ್ನು ನೋಡಿದ. ಕಲಿತಷ್ಟೇ ಕನ್ನಡದಲ್ಲಿ, “ನಮ್ ಕೆಲ್ಸ ಕೊಯ್ಯೋದು. ಇದು ಇಲ್ಲ,” ಎಂದು ಹಿಂದಕ್ಕೆ ಸರಿದ. ಕಂಟ್ರಾಕ್ಟರ್ ಕಿರುಚಿದ. ಅವರೆಲ್ಲ ಗೋದಾಮಿನ ಮೆಟ್ಟಿಲ ಮೇಲೆ ಹೋಗಿ ಕೂತರು.

ನಂದನ್‌ಗೆ ರೇಗಿತು. ತಾನೇ ಬಗ್ಗಿ, ಭೂತಯ್ಯನ ಪಕ್ಕದ ಮೂಲೆಯೊಂದನ್ನು ಹಿಡಿದು ಜಗ್ಗಿದ. ತಗ್ಗಿನಲ್ಲಿ ನಿಂತ ನೀರು ಸರಕ್ಕನೆ ಒಳಗೆ ಹರಿದು ಪಾರ್ಚ್‌ಮೆಂಟಿನ ಏರಿಯನ್ನು ಕೊರೆಯಿತು. “ಸಾರ್, ಬಿಡಿ ಸಾರ್! ಹಾಳಾಗ್ತದೆ ಸಾರ್!” ಎಂದು ಶಶಿಕಿರಣ್ ಅವನ ಕೈಯನ್ನೇ ಹಿಡಿದುಕೊಂಡ. ಗಿಡ್ಡಮ್ಮ ಎದ್ದು ಬಂದು ಆ ಮೂಲೆಯನ್ನು ಸರಿಯಾಗಿ ಮಡಚಿ, ಕಲ್ಲಿಟ್ಟು, ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಳು. ನಂದನ್ ಒದ್ದೆ ಬೂಟಿನಲ್ಲಿ ಬಂಗಲೆಗೆ ನಡೆದ.

ಆ ರಾತ್ರಿ ಜನ ಕಣದಲ್ಲೇ ಉಳಿದರು. ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಬಿಸಿಲೇರಿದಂತೆ ಟಾರ್ಪಾಲು ಬಿಸಿಯಾಯಿತು, ಒಳಗೆ ಕಾಫಿ ಬೆವರತೊಡಗಿತು. ಸಂಜೆಯವರೆಗೆ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದು ಗೊತ್ತಿದ್ದೇ ಕೂತಿದ್ದರು. ಗಿಡ್ಡಮ್ಮನಿಗೆ ಅದು ಸುಲಭವಾಗಿರಲಿಲ್ಲ. ಅಂಚಿನಿಂದ ಹುಳಿವಾಸನೆಯ ಮೊದಲ ಎಳೆ ಮೂಗಿಗೆ ಬಡಿದಾಗ ಅವಳ ಕೈ ತಾನಾಗಿ ಕಲ್ಲಿನ ಮೇಲೆ ಹೋಯಿತು. ಭವ್ಯಾ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಅವ್ವ, ನಿನ್ನೆ ನೀನು ಓಡಿದ್ದು ಸರಿ. ಇವತ್ತು ಕೂರೋದೂ ಸರಿ.”

ಮಧ್ಯಾಹ್ನದ ಹೊತ್ತಿಗೆ ಆ ವಾಸನೆ ಬಂಗಲೆಯನ್ನೂ ಮುಟ್ಟಿರಬೇಕು. ನಂದನ್ ನಡೆದೇ ಬಂದ. ಕಣ್ಣಲ್ಲಿ ನಿದ್ದೆಯಿರಲಿಲ್ಲ.

“ಏನು ಬೇಕು ನಿಮ್ಗೆ? ಕೂಲಿ ಜಾಸ್ತಿ ಮಾಡ್ಬೇಕಾ? ಹೊಸ ನಲ್ಲಿ ಹಾಕ್ಸ್ಬೇಕಾ? ಹೇಳಿ.”

ಒಂದಿಬ್ಬರು ತಲೆ ಎತ್ತಿದರು. ಗಿಡ್ಡಮ್ಮ ಷಡಕ್ಷರಿಯವರ ಕಡೆ ನೋಡಿದಳು. ಅವರು ಒಂದೇ ಬೆರಳು ಎತ್ತಿ ತೋರಿಸಿದರು.

“ಗೂಟ ಕೀಳ್ಬೇಕು,” ಎಂದಳು. “ಲೈನ್ ಇದ್ದಲ್ಲೇ ಇರ್ತದೆ ಅಂತ ಎಲ್ರ ಎದ್ರು ಹೇಳ್ಬೇಕು.”

ನಂದನ್ ರೈಟರ್ ಕಡೆ ತಿರುಗಿದ. “ಆಯ್ತು. ಶಶಿಕಿರಣ್, ಹೋಗಿ ಕೀಳ್ಸಿ.”

“ರೈಟ್ರಲ್ಲ. ಬಿಚ್ಚೋದು ಮುಚ್ಚಿದ ಕೈ, ಕೀಳೋದು ಹೊಡೆದ ಕೈ. ನೀವೇ ಕೀಳ್ಬೇಕು.”

“ನಾನೆಲ್ಲಿ ಹೊಡೆದೆ? ಆಳುಗಳು ಹೊಡೆದದ್ದು!”

“ಹಂಗಾದ್ರೆ ಈ ಕಾಫಿನೂ ನೀವು ಬೆಳೆದದ್ದಲ್ಲ ಸಾವ್ಕಾರ್ರೆ,” ಎಂದಳು ಗಿಡ್ಡಮ್ಮ. ಅವಳು ಧ್ವನಿ ಏರಿಸಲಿಲ್ಲ. “ಆಳುಗಳು ಬೆಳೆದದ್ದು. ಆಳು ಹೊಡೆದ ಗೂಟ ನಿಮ್ದಲ್ಲ ಅಂತಾದ್ರೆ, ಆಳು ಒಣಗಿಸಿದ ಕಾಫಿನೂ ನಿಮ್ದಲ್ಲ. ಕಾಫಿ ನಿಮ್ದು ಅಂತಾದ್ರೆ ಗೂಟನೂ ನಿಮ್ದೇ. ಎರಡ್ರಲ್ಲಿ ಯಾವ್ದು, ಹೇಳಿ. ನಾವು ಕೂತಿರ್ತೀವಿ.”

ಗೋದಾಮಿನ ಮೆಟ್ಟಿಲ ಮೇಲಿದ್ದವರು ಎದ್ದು ನಿಂತರು. ಭಾಷೆ ತಿಳಿಯದಿದ್ದರೂ ಮಾತು ತಿಳಿದಂತಿತ್ತು.

ನಂದನ್ ದಿಬ್ಬ ಹತ್ತಿದ. ಮೊದಲ ಗೂಟವನ್ನು ಒಂದೇ ಕೈಯಲ್ಲಿ ಎಳೆದು ನೋಡಿದ, ಬರಲಿಲ್ಲ. ಮಳೆ ಬಿದ್ದ ನೆಲವಾದರೂ ಚೆನ್ನಾಗಿ ಆಳಕ್ಕೆ ಹೊಡೆದಿದ್ದರು. ಅಂಗಿಯ ತೋಳು ಮಡಚಿ ಎರಡೂ ಕೈ ಹಾಕಿ ಆಚೀಚೆ ಅಲುಗಾಡಿಸಿ ಕಿತ್ತ. ಯಾರೂ ನಗಲಿಲ್ಲ, ಯಾರೂ ಸಹಾಯಕ್ಕೂ ಹೋಗಲಿಲ್ಲ. ಒಂದೊಂದಾಗಿ ಕೀಳುತ್ತ ಲೈನಿನ ಆ ತುದಿಗೆ, ಗಿಡ್ಡಮ್ಮನ ಬಾಗಿಲಿಗೆ ಬರುವಷ್ಟರಲ್ಲಿ ಅವನ ಅಂಗೈ ಕೆಂಪಾಗಿತ್ತು. ಹೊಸ್ತಿಲಿಗೂ ತುಳಸಿಗೂ ನಡುವಿನ ಗೂಟವನ್ನು ಕಿತ್ತು, ಏದುಸಿರು ಬಿಡುತ್ತ, “ಲೈನ್ ಇದ್ದಲ್ಲೇ ಇರ್ತದೆ,” ಎಂದ.

“ಕೇಳ್ಳಿಲ್ಲ,” ಎಂದು ಕಣದಿಂದ ಭೂತಯ್ಯ ಕೂಗಿದ.

“ಲೈನ್ ಇದ್ದಲ್ಲೇ ಇರ್ತದೆ!”

ಆಗ ಗಿಡ್ಡಮ್ಮ ಎದ್ದಳು. ಅಂಚಿನ ಕಲ್ಲುಗಳು ಸರಿದವು. ಜನ ಸುತ್ತ ನಿಂತು ಟಾರ್ಪಾಲಿನ ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡರು. ಷಡಕ್ಷರಿಯವರು ಬಾವುಟ ಹೆಗಲಿಗೆ ಹಾಕಿಕೊಂಡು ಒಂದು ಮೂಲೆ ಹಿಡಿದರು. “ಹೋ” ಎಂದಳು ಗಿಡ್ಡಮ್ಮ. ಎಲ್ಲ ಕೈಗಳೂ ಒಂದೇ ಬಾರಿಗೆ ಮೇಲೆದ್ದವು; ನಿಂತ ನೀರು ಒಂದು ಬೆಳ್ಳನೆಯ ಹಾವಿನಂತೆ ಹರಿದು ಕಣದಾಚೆ ಧುಮುಕಿತು. ಕೆಳಗೆ ಕಾಫಿ ಬಿಸಿಯಾಗಿ, ಆವಿಯಾಡುತ್ತ ಮಲಗಿತ್ತು. ಗಿಡ್ಡಮ್ಮ ಬೊಗಸೆಯಲ್ಲಿ ಎತ್ತಿ ಮೂಸಿದಳು. ಕೆಟ್ಟಿರಲಿಲ್ಲ, ಕೆಡುವುದಕ್ಕೆ ಹೊರಟು ಹಿಂದೆ ಬಂದಿತ್ತು.

ಚಿಕ್ಕಮಗಳೂರಿನ ಕಾರ್ಮಿಕ ಅಧಿಕಾರಿಯ ಎದುರು ಎಲ್ಲವನ್ನೂ ಬರೆಸಿ ಸಹಿ ಹಾಕಿಸಿಕೊಳ್ಳುವವರೆಗೆ ಷಡಕ್ಷರಿಯವರು ಬಿಡಲಿಲ್ಲವೆಂದು ಬಣಕಲ್ಲಿನಲ್ಲಿ ಹೇಳುತ್ತಾರೆ. ಭೂತಯ್ಯನೂ ಅದನ್ನು ಅಲ್ಲಗಳೆಯುವುದಿಲ್ಲ. ‘ಅದು ಕಾಗ್ದ, ಇದು ಕಥೆ’ ಎಂದು ಬಿಟ್ಟುಬಿಡುತ್ತಾನೆ.

ವರ್ಷತೊಡಕಿನ ಆ ಮಧ್ಯಾಹ್ನ ಇಲ್ಲಿಗೆ ಬಂದು ಭೂತಯ್ಯ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಕೇಳುತ್ತಿದ್ದವರಲ್ಲಿ ಲೈನಿನವರಿದ್ದರು. ಗೋದಾಮಿನ ಮೂಲೆ ಬಿಟ್ಟು ಈಗ ಲೈನಿನ ಖಾಲಿ ಮನೆಯೊಂದರಲ್ಲಿರುವ ನರೆಗೂದಲಿನವನೂ ಇದ್ದ.

“ಗೂಟಗಳು ಏನಾದ್ವು ಮಾವ?” ಎಂದು ಜಾವಳಿಯಿಂದ ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಕೇಳಿದಳು.

“ಬಚ್ಚಲೊಲೆಗೆ ಹೋದ್ವು. ಒಳ್ಳೇ ಮರ, ಚೆನ್ನಾಗಿ ಉರೀತು.”

“ಮತ್ತೆ ಹೊಡೆಯೋಲ್ವ?”

ಜಗಲಿಯ ಮೇಲೆ ಹಲಸಿನ ಬೀಜ ಸುಲಿಯುತ್ತಿದ್ದ ಗಿಡ್ಡಮ್ಮ ಅಣ್ಣನಿಗೆ ಮಾತಾಡಲು ಬಿಡಲಿಲ್ಲ. “ಹೊಡೀತಾರೆ,” ಎಂದಳು. “ಮೋಡನೂ ಬರ್ತದೆ. ಕಣನೂ ಇದೆ.”

ಬಿಸಿಲು ಮರದ ಆಚೆ ಮಗ್ಗುಲಿಗೆ ಇಳಿದಿತ್ತು. ಕೇಳುತ್ತಿದ್ದವರು ಎದ್ದು, ಸೀರೆ ಪಂಚೆಗಳ ಧೂಳು ಕೊಡವಿ, ಎದುರಿನ ಒಂದೇ ಸೂರಿನ ಕಡೆಗೆ ನಡೆದು, ತಮ್ಮ ತಮ್ಮ ಬಾಗಿಲು ನೂಕಿಕೊಂಡು ಒಳಗೆ ಹೋದರು.